ಯಾರು ಯಾವ ಫೈಲ್ ಡೌನ್‌ಲೋಡ್ ಮಾಡಿದರು? ಲೆಕ್ಕ ಇಡುವುದು ಹೇಗೆ?

ಪ್ರಶ್ನೆ:
ನಮಸ್ಕಾರ ಮೇಡಂ. ನಾನು ಒಂದು ವೆಬ್ ಆ್ಯಪ್ ಮಾಡುತ್ತಿದ್ದೇನೆ. ಲಾಗಿನ್ ಆದವರು ಅದರಿಂದ ಪಿಡಿಎಫ್, ವಿಡಿಯೊ ಡೌನ್‌ಲೋಡ್ ಮಾಡಿಕೊಳ್ಳಬಹುದು. ಯಾರಿಗೆ ಯಾವ ಫೈಲ್ ಸಿಗಬೇಕು ಅನ್ನುವುದನ್ನು ಅಡ್ಮಿನ್ ತೀರ್ಮಾನಿಸುತ್ತಾರೆ. ಅನುಮತಿ ಇಲ್ಲದವರಿಗೆ ಬಟನ್ ಕಾಣಿಸುವುದಿಲ್ಲ. ಬಟನ್ ಒತ್ತಿದರೆ ಜಾವಾಸ್ಕ್ರಿಪ್ಟ್ ಮೂಲಕ ಡೇಟಾಬೇಸ್‌ನಲ್ಲಿ ಒಂದು ಸಾಲು ಸೇರುತ್ತದೆ. ಫೈಲ್‌ಗಳೆಲ್ಲ ಪಬ್ಲಿಕ್ ಫೋಲ್ಡರ್‌ನಲ್ಲೇ ಇವೆ. ಮೊನ್ನೆ ಅನುಮತಿ ತೆಗೆದಿದ್ದ ಒಬ್ಬರು ಹಳೆಯ ಲಿಂಕ್ ಬಳಸಿ ಫೈಲ್ ತೆರೆದಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಯಾರೂ ಊಹಿಸಲಾಗದಷ್ಟು ಉದ್ದದ ಫೈಲ್ ಹೆಸರು ಕೊಟ್ಟರೆ ಸಾಕಾ?

ಉತ್ತರ:
ಸಾಕಾಗುವುದಿಲ್ಲ. ಹೆಸರು ಎಷ್ಟೇ ಉದ್ದ ಇರಲಿ, ಲಿಂಕ್ ಒಮ್ಮೆ ಇಮೇಲ್‌ನಲ್ಲೋ ಚಾಟ್‌ನಲ್ಲೋ ಹೋಯಿತು ಅಂದರೆ ಯಾರು ಬೇಕಾದರೂ ತೆರೆಯಬಹುದು. ಬಟನ್ ಬಚ್ಚಿಟ್ಟರೆ ಬಾಗಿಲು ಹಾಕಿದಂತೆ ಆಗುವುದಿಲ್ಲ, ಅಲ್ವಾ? ಇದು ನಿಮ್ಮೊಬ್ಬರ ತಪ್ಪೂ ಅಲ್ಲ. ಓವಾಸ್ಪ್ ಎಂಬ ವೆಬ್ ಸುರಕ್ಷತಾ ಸಂಸ್ಥೆಯ ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಇಂಥ ಅನುಮತಿ ದೋಷಗಳು 2017ರಲ್ಲಿ 5ನೇ ಸ್ಥಾನದಲ್ಲಿದ್ದವು. 2021ರ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದವು.

ನಿಮ್ಮ ತೊಂದರೆಯ ಮೂಲ ಒಂದೇ. ಫೈಲ್ ಕೊಡುವುದು ವೆಬ್ ಸರ್ವರ್, ಲೆಕ್ಕ ಬರೆಯುವುದು ಬ್ರೌಸರ್, ಅನುಮತಿ ನೋಡುವುದು ಪೇಜ್. ಈ ಮೂರೂ ಕೆಲಸ ಸರ್ವರ್‌ನಲ್ಲಿ ಒಂದೇ ಕಡೆ ಆಗಬೇಕು. ಫೈಲ್‌ಗಳನ್ನು ಪಬ್ಲಿಕ್ ಫೋಲ್ಡರ್‌ನಿಂದ ಹೊರಗೆ ಇಡಿ. ಲಿಂಕ್ ನೇರವಾಗಿ ಫೈಲ್‌ಗೆ ಹೋಗಬಾರದು, ನಿಮ್ಮ ಕೋಡ್‌ಗೆ ಬರಬೇಕು. ಕೋಡ್ ಮೊದಲು ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಎಂಬುದು) ನೋಡಲಿ, ಆಮೇಲೆ ಈ ಯೂಸರ್‌ಗೆ ಈ ಫೈಲ್‌ನ ಅನುಮತಿ ಈ ಕ್ಷಣದಲ್ಲಿ ಇದೆಯಾ ಎಂದು ನೋಡಲಿ, ಲಾಗ್ (ನಡೆದದ್ದರ ದಾಖಲೆ) ಬರೆಯಲಿ, ಕೊನೆಗೆ ಫೈಲ್ ಕೊಡಲಿ.

ದೊಡ್ಡ ವಿಡಿಯೊವನ್ನು ಆ್ಯಪ್ ತಾನೇ ಓದಿ ಕಳಿಸಿದರೆ ಸುಮ್ನೆ ಒಂದು ಪ್ರಾಸೆಸ್ ಅಷ್ಟು ಹೊತ್ತೂ ಸಿಕ್ಕಿಕೊಳ್ಳುತ್ತದೆ. ನಿಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್ ಆಗಿದ್ದರೆ ಎಕ್ಸ್-ಆ್ಯಕ್ಸೆಲ್-ರೀಡೈರೆಕ್ಟ್ ಹೆಡರ್ (ರಿಕ್ವೆಸ್ಟ್ ಅಥವಾ ಉತ್ತರದ ಜೊತೆ ಹೋಗುವ ಸೂಚನೆಯ ಸಾಲು) ಬಳಸಿ. ಆ್ಯಪ್ ಅನುಮತಿ ನೋಡಿ ಈ ಹೆಡರ್ ಮಾತ್ರ ಕಳಿಸುತ್ತದೆ. ಫೈಲ್ ಕಳಿಸುವ ಕೆಲಸ ಎಂಜಿನ್‌ಎಕ್ಸ್‌ನದು. ಎಂಜಿನ್‌ಎಕ್ಸ್ ಸೆಟ್ಟಿಂಗ್‌ನಲ್ಲಿ ಫೈಲ್‌ಗಳಿರುವ ಫೋಲ್ಡರ್‌ನ ಲೊಕೇಶನ್‌ಗೆ ‘ಇಂಟರ್ನಲ್’ ಎಂದು ಬರೆದರೆ ಹೊರಗಿನಿಂದ ನೇರವಾಗಿ ಕೇಳಿದವರಿಗೆ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ ಸಿಗುತ್ತದೆ.

ಲಾಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ. ಫೈಲ್ ಪಕ್ಕ ಬರೀ ಒಂದು ಎಣಿಕೆ ಇಟ್ಟು ಅದನ್ನು ಏರಿಸುತ್ತಾ ಹೋಗಬೇಡಿ. ಪ್ರತಿ ಸಲಕ್ಕೂ ಬೇರೆ ಸಾಲು ಬೇಕು. ಯೂಸರ್ ಐಡಿ, ಫೈಲ್ ಐಡಿ, ಆಗಿನ ಫೈಲ್ ಹೆಸರು ಮತ್ತು ಆವೃತ್ತಿ, ಯುಟಿಸಿ (ಜಾಗತಿಕ ಏಕರೂಪ) ಸಮಯ, ಕೊಟ್ಟೆವೋ ನಿರಾಕರಿಸಿದೆವೋ ಎಂಬುದು, ಇವಿಷ್ಟು ಇರಲಿ. ನಿರಾಕರಿಸಿದ್ದನ್ನು ಬಿಡಬೇಡಿ. ಒಂದೇ ಅಕೌಂಟ್‌ನಿಂದ ಸಾಲಾಗಿ ಬೇರೆ ಬೇರೆ ಐಡಿ ಕೇಳುತ್ತಿದ್ದಾರೆ ಎಂದು ಗೊತ್ತಾಗುವುದು ಅದರಿಂದಲೇ.

ಇನ್ನೊಂದು ಮಾತು. ಅನುಮತಿ ತೆಗೆದಾಗ ಅನುಮತಿ ಪಟ್ಟಿಯ ಆ ಸಾಲನ್ನು ಅಳಿಸಬೇಡಿ. ಯಾರು ಕೊಟ್ಟರು, ಯಾವಾಗ ಕೊಟ್ಟರು, ಯಾವಾಗ ತೆಗೆದರು ಎಂದು ಬರೆದಿಡಿ. ‘ಡೌನ್‌ಲೋಡ್ ಮಾಡಿದ ದಿನ ಅವರಿಗೆ ಅನುಮತಿ ಇತ್ತಾ?’ ಎಂದು ಆರು ತಿಂಗಳ ನಂತರ ಯಾರಾದರೂ ಕೇಳಿಯೇ ಕೇಳುತ್ತಾರೆ. ಇವತ್ತಿನ ಅನುಮತಿ ಪಟ್ಟಿ ಅದಕ್ಕೆ ಉತ್ತರ ಕೊಡುವುದಿಲ್ಲ. ಒಮ್ಮೆ ನಾನು ಯೂಸರ್ ಅಳಿಸಿದರೆ ಅವರ ಲಾಗ್ ಕೂಡ ಅಳಿಯುವಂತೆ ಟೇಬಲ್ ಜೋಡಿಸಿದ್ದೆ. ಬೇಕಾದ ದಿನ ಆ ದಾಖಲೆ ಇರಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಮರುಪ್ರಶ್ನೆ:
ತುಂಬಾ ಥ್ಯಾಂಕ್ಸ್ ಮೇಡಂ. ಪಿಡಿಎಫ್‌ಗಳಿಗೆ ಹಾಗೇ ಮಾಡಿದೆ, ಸರಿಯಾಗಿದೆ. ಆದರೆ ಒಂದು ವಿಡಿಯೊಗೆ ಒಬ್ಬರ ಹೆಸರಲ್ಲೇ ಒಂದು ನಿಮಿಷದಲ್ಲಿ 14 ಸಾಲು ಬಂದಿವೆ. ಅವರು ಒಂದೇ ಸಲ ಒತ್ತಿದ್ದಂತೆ.

ಉತ್ತರ:
ಅವರು ಹೇಳಿದ್ದು ನಿಜವೇ ಇರಬೇಕು. ಬ್ರೌಸರ್‌ನ ಪ್ಲೇಯರ್, ಡೌನ್‌ಲೋಡ್ ಮ್ಯಾನೇಜರ್ ಇವೆಲ್ಲ ದೊಡ್ಡ ಫೈಲನ್ನು ತುಂಡು ತುಂಡಾಗಿ ಕೇಳುತ್ತವೆ. ಪ್ರತಿ ತುಂಡಿಗೂ, ಯಾವ ಭಾಗ ಬೇಕು ಎಂದು ಹೇಳುವ ರೇಂಜ್ ಹೆಡರ್ ಇರುವ ಒಂದು ರಿಕ್ವೆಸ್ಟ್ ಬರುತ್ತದೆ, 206 (‘ಒಂದು ಭಾಗ ಮಾತ್ರ’) ಎಂಬ ಉತ್ತರ ಹೋಗುತ್ತದೆ. ಅನುಮತಿಯನ್ನು ಪ್ರತಿ ತುಂಡಿಗೂ ನೋಡಲೇಬೇಕು. ಎಣಿಸುವಾಗ ಮಾತ್ರ ರೇಂಜ್ ಇಲ್ಲದ್ದು ಅಥವಾ ಸೊನ್ನೆಯಿಂದ ಶುರುವಾಗುವುದನ್ನು ಹಿಡಿಯಿರಿ. ಅದೇ ಯೂಸರ್, ಅದೇ ಫೈಲ್ ಕೆಲವೇ ನಿಮಿಷದಲ್ಲಿ ಮತ್ತೆ ಬಂದರೆ ಒಂದೇ ಎಂದುಕೊಳ್ಳಿ. ಫೈಲ್‌ನ ವಿವರ ಮಾತ್ರ ಕೇಳುವ ಹೆಡ್ ರಿಕ್ವೆಸ್ಟ್‌ಗಳನ್ನು ಎಣಿಸಬೇಡಿ, ಅದರಲ್ಲಿ ಫೈಲ್ ಹೋಗುವುದೇ ಇಲ್ಲ.

ಇನ್ನೊಬ್ಬ ಸದಸ್ಯರು:
ನಮ್ಮ ಫೈಲ್‌ಗಳು ಅಮೆಜಾನ್‌ನ ಎಸ್3 ಎಂಬ ಕ್ಲೌಡ್ ಸಂಗ್ರಹದಲ್ಲಿವೆ. ಸಹಿ ಮಾಡಿದ (ಗೊತ್ತುಪಡಿಸಿದ ಅವಧಿಯವರೆಗೆ ಮಾತ್ರ ನಡೆಯುವ) ಲಿಂಕ್ ಕೊಡುತ್ತೇವೆ, 7 ದಿನ ಅವಧಿ. ಇದು ಸರಿನಾ?

ಉತ್ತರ:
7 ದಿನ ಅಲ್ಲಿ ಇಡಬಹುದಾದ ಗರಿಷ್ಠ ಅವಧಿ. ಅಷ್ಟು ಇಡಬೇಡಿ. ಆ ಲಿಂಕ್ ಯಾರ ಕೈಗೆ ಸಿಕ್ಕರೂ ಕೆಲಸ ಮಾಡುತ್ತದೆ. ಈ ಮಧ್ಯೆ ನಿಮ್ಮ ಆ್ಯಪ್‌ನಲ್ಲಿ ಅನುಮತಿ ತೆಗೆದರೂ ಅದಕ್ಕೆ ಗೊತ್ತಾಗುವುದಿಲ್ಲ. ಬಟನ್ ಒತ್ತಿದಾಗ ಅನುಮತಿ ನೋಡಿ, ಒಂದೆರಡು ನಿಮಿಷದ ಲಿಂಕ್ ಮಾಡಿ ಅಲ್ಲಿಗೆ ಕಳಿಸಿ. ಸಮಯ ಮುಗಿಯುವ ಮೊದಲು ಶುರುವಾದ ಡೌನ್‌ಲೋಡ್ ನಡುವೆ ನಿಲ್ಲುವುದಿಲ್ಲ, ಚಿಂತೆ ಬೇಡ. ಆದರೆ ಲಾಗ್‌ನಲ್ಲಿ ‘ಡೌನ್‌ಲೋಡ್ ಆಯಿತು’ ಎಂದು ಬರೆಯಬೇಡಿ, ‘ಲಿಂಕ್ ಕೊಟ್ಟಿದೆ’ ಎಂದು ಬರೆಯಿರಿ. ನಿಮ್ಮ ಆ್ಯಪ್‌ಗೆ ಗೊತ್ತಿರುವುದು ಅಷ್ಟೇ. ಎಸ್3ಯ ಆ್ಯಕ್ಸೆಸ್ ಲಾಗ್ ತಡವಾಗಿ ಬರುತ್ತದೆ, ಒಮ್ಮೊಮ್ಮೆ ಸಾಲು ತಪ್ಪಿಹೋಗಲೂಬಹುದು. ಬರೀ ಅದನ್ನು ನಂಬಿ ಯಾರ ಮೇಲೂ ತಪ್ಪು ಹೊರಿಸಬೇಡಿ.

ಮೊದಲು ಕೇಳಿದವರು:
ಮೇಡಂ, ಅನುಮತಿ ತೆಗೆದ ಅಕೌಂಟ್‌ನಿಂದ ಈಗ ಪ್ರಯತ್ನಿಸಿದೆ. ಹೊಸ ಲಿಂಕ್‌ನಲ್ಲಿ ನಿರಾಕರಣೆ ಬಂತು, ಲಾಗ್‌ನಲ್ಲೂ ಬಿತ್ತು. ಆದರೆ ಹಳೆಯ ಲಿಂಕ್ ಒತ್ತಿದರೆ ಪಿಡಿಎಫ್ ಇನ್ನೂ ತೆರೆಯುತ್ತಿದೆ! ಪಬ್ಲಿಕ್ ಫೋಲ್ಡರ್ ಖಾಲಿ ಇದೆ.

ಉತ್ತರ:
ನಿಮ್ಮ ಸರ್ವರ್ ಮುಂದೆ ಸಿಡಿಎನ್ (ಫೈಲ್‌ಗಳ ಪ್ರತಿ ಇಟ್ಟುಕೊಂಡು ಹಂಚುವ ಸರ್ವರ್‌ಗಳ ಜಾಲ) ಇದೆಯಾ ನೋಡಿ. ಇದ್ದರೆ ಹಳೆಯ ಪ್ರತಿಯನ್ನು ಅದೇ ಕೊಡುತ್ತಿರಬಹುದು, ನಿಮ್ಮ ಸರ್ವರ್‌ವರೆಗೆ ರಿಕ್ವೆಸ್ಟ್ ಬರುತ್ತಲೇ ಇಲ್ಲ. ಅಲ್ಲಿನ ಕ್ಯಾಶ್ (ಉಳಿಸಿಟ್ಟ ಪ್ರತಿಗಳು) ಪೂರ್ತಿ ತೆಗೆಯಿರಿ. ಆಮೇಲೆ ಬೇರೆ ಬ್ರೌಸರ್‌ನಲ್ಲೂ ಒಮ್ಮೆ ನೋಡಿ, ನಿಮ್ಮ ಬ್ರೌಸರ್‌ನಲ್ಲೇ ಪ್ರತಿ ಉಳಿದಿರಬಹುದು. ಹೊಸ ಡೌನ್‌ಲೋಡ್ ಉತ್ತರಗಳಿಗೆ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ‘ಪ್ರೈವೇಟ್, ನೋ-ಸ್ಟೋರ್’ ಹಾಕಿ, ಪ್ರತಿ ಉಳಿಸಿಕೊಳ್ಳಬೇಡಿ ಎಂದು ಅದರ ಅರ್ಥ. ಮಾಡಿ ನೋಡಿ ಇಲ್ಲೇ ತಿಳಿಸಿ.