ಹಾಲುತೊಂಡೆ (ರೇಷ್ಮೆಹುಳದ ವೈರಸ್ ರೋಗ) ಫಾರ್ವರ್ಡ್: ಮಳವಳ್ಳಿ ಮನೆಯವರ ಗುಂಪು

ಚಿಕ್ಕಪ್ಪ: (ಫಾರ್ವರ್ಡ್ ಮಾಡಲಾಗಿದೆ) ರೇಷ್ಮೆ ಬೆಳೆಗಾರರ ಗಮನಕ್ಕೆ!! ವೈರಸ್ ಹೊಕ್ಕ ಜೀವಕೋಶ ತಕ್ಷಣ ಆತ್ಮಹತ್ಯೆ ಮಾಡಿಕೊಳ್ಳುತ್ತದೆ, ಜೊತೆಗೆ ವೈರಸ್ಸೂ ಸಾಯುತ್ತದೆ. ಸತ್ತ ಹುಳದಿಂದ ರೋಗ ಹರಡದು. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನಾನು ಹೇಳ್ತಿರ್ಲಿಲ್ವಾ? ಸುಮ್ನೆ ಬ್ಲೀಚಿಂಗ್ ಪೌಡರ್‌ಗೆ ದುಡ್ಡು ಸುರೀತೀರ.

ರವಿ: ಯಾರು ಬರೆದದ್ದು? ಯಾವ ವೈರಸ್ಸು? ಹೆಸರೇ ಇಲ್ವಲ್ಲ.

ಲತಾ: ಅರ್ಧ ನಿಜ, ಅದಕ್ಕೇ ಭಯ ಚಿಕ್ಕಪ್ಪ. ಕೋಶ ಸಾಯೋಕೆ ಹೊರಡುತ್ತೆ, ಹಾಲುತೊಂಡೆ ವೈರಸ್ ಬಿಡಲ್ಲ. ಕೋಶವನ್ನ ಒಳಗಿಂದಲೇ ಕತ್ತರಿಸೋ ಕ್ಯಾಸ್ಪೇಸ್ ಕಿಣ್ವದ ಮುಂದೆ ಪಿ35 ಅನ್ನೋ ಪ್ರೋಟೀನ್ ಒಡ್ಡುತ್ತೆ. ಕಿಣ್ವ ಅದನ್ನ ಕಚ್ಚಿ, ಬಿಡಿಸ್ಕೊಳ್ಳಲಾರದೆ ಅಲ್ಲೇ ಸಿಕ್ಕಿಬೀಳುತ್ತೆ. ಕೋಶ ಬದುಕಿರೋವರೆಗೂ ನ್ಯೂಕ್ಲಿಯಸ್ ತುಂಬ ವೈರಸ್ ತುಂಬಿದ ಹರಳು ಕಟ್ಟುತ್ತೆ. ಕೊನೇಲಿ ವೈರಸ್ಸಿನದೇ ಕಿಣ್ವಗಳು ಹುಳದ ಮೈ ಕರಗಿಸ್ತವೆ. ಗೆಣ್ಣು ಉಬ್ಬಿ, ತಟ್ಟೆ ಅಂಚಲ್ಲಿ ತಿರುಗಿ, ಚರ್ಮ ಹರಿದು ಹಾಲು ಸುರಿಯುತ್ತಲ್ಲ, ಆ ಹಾಲಿನ ತುಂಬ ಹರಳೇ.

ದೊಡ್ಡಪ್ಪ: ದೊಡ್ಡೋರ ಜೊತೆ ವಾದ ಬೇಡ ಕಣವ್ವ. ಕೈಕಾಲು ತೊಳೆದು ಹುಳುಮನೆಗೆ ಹೋಗೋದು ಕಲೀಲಿ ಎಲ್ರೂ.

ಮಂಜು: ಅಜ್ಜಿ ಹುಳ ಗೂಡು ಕಟ್ಟೋ ಚಂದ್ರಿಕೆ ಬಿಸಿಲಿಗೆ ಒರಗಿಸ್ತಿದ್ರಲ್ಲ, ಅದರ ಹಿಂದೆ ಕಣ್ಣಾಮುಚ್ಚಾಲೆ! ಫೋಟೋ ಇದ್ರೆ ಹಾಕಿ.

ದೊಡ್ಡಮ್ಮ: ಬಿಸಿಲಿಗೆ ಹಾಕ್ತಿದ್ದೋರು ಅತ್ತೆ, ತೊಳೀತಿದ್ದೋಳು ನಾನು. ಹೋದ ಬೆಳೇಲಿ ಹಾಲು ಸುರಿಯೋ ಹುಳಾನ ಕೋಳಿಗೆ ಸುರಿದೋರು ಯಾರು, ಅದನ್ನ ಒಸಿ ಹೇಳು ಶಿವಣ್ಣ.

ಚಿಕ್ಕಪ್ಪ: ಅತ್ತಿಗೆ, ಅದ್ಯಾಕೀಗ? ಎರಡು ಮೊರ ಅಷ್ಟೆ.

ಲತಾ: ಎರಡು ಮೊರ ಸಾಕು. ಹರಳು ಕೋಳಿ ಹಿಕ್ಕೆಯಲ್ಲೇ ಈಚೆ ಬರುತ್ತೆ, ಹುಳ ತಿನ್ನೋ ಸೊಪ್ಪಿಗೆ ತಾಗುತ್ತೆ. ಹುಳದ ಕರುಳು ಕ್ಷಾರ, ಅಲ್ಲಿ ಹರಳು ಕರಗಿ ವೈರಸ್ ಹೊರಬೀಳುತ್ತೆ. ಹುಳುಮನೆ ತೊಳೆಯೋ ಬ್ಲೀಚಿಂಗ್ ಪೌಡರ್ ಜೊತೆ ಸುಣ್ಣ ಹಾಕೋದೂ ಅದಕ್ಕೇ: ಕ್ಷಾರಕ್ಕೆ ಹರಳು ಒಡೆದ್ರೆ ಕ್ಲೋರಿನ್ ವೈರಸ್ಸಿಗೆ ತಾಗುತ್ತೆ. 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್, 30 ಗ್ರಾಂ ಅರಳಿದ ಸುಣ್ಣ. ಮೊದಲು ಎರಡನ್ನೂ ಒಂದಿಷ್ಟು ನೀರಲ್ಲಿ ಕಲಸಿ, ಆಮೇಲೆ ಉಳಿದ ನೀರು. ಗೋಡೆ, ತಟ್ಟೆ ಅರ್ಧ ಗಂಟೆ ಒದ್ದೆ ಇರ್ಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ಬೇಡ, ಕ್ಲೋರಿನ್ ಹಾರಿಹೋಗಿರುತ್ತೆ.

ರವಿ: ರೋಗದ ಹುಳ ಏನು ಮಾಡೋದು?

ಲತಾ: ಕೈಯಲ್ಲಿ ಮುಟ್ಟದೆ ಕಡ್ಡಿಯಲ್ಲಿ ಎತ್ತಿ ಅದೇ ದ್ರಾವಣದ ಬೋಗುಣಿಗೆ ಹಾಕಿ, ಆಮೇಲೆ ಹೂಳಿ. ಚರ್ಮ ಹರಿಯೋ ಮೊದಲೇ ಎತ್ತಬೇಕು.

ಚಿಕ್ಕಪ್ಪ: ಎಲ್ಲಾ ನನ್ನ ತಲೆಗೇ ಕಟ್ಟಿ. ಆ ಸೊಪ್ಪಿನ ಬುಟ್ಟಿ ತೊಳೆದೋರು ಯಾರಾದ್ರೂ ಇದ್ದೀರಾ?

ದೊಡ್ಡಮ್ಮ: ಬುಟ್ಟಿ ತಂದಿದ್ದು ನೀನು.

ಲತಾ: ಬುಟ್ಟೀನೂ ಅದೇ ನೀರಲ್ಲಿ ಅದ್ದಿ. ಇವತ್ತೇ, ಚಾಕಿ ಹುಳು, ಅಂದ್ರೆ ಎಳೆ ಹುಳು, ಬರೋ ಮೊದಲು.