ಊದ್ ಕೇಳಿಸಿತಾ? ಒಂಟೆ ಬರ್ತಿದೆ, ಜಾಗ ಬಿಡಿ

"ಊದ್ ನಿಂತಿತು, ಒಂಟೆ ಬಂತು. ಏನು ಟೈಮಿಂಗ್ ಅಂತೀರಿ!" ಎಂದರು ಭಟ್ಟರು. ಊದ್ ಅಂದರೆ ಅರಬ್ಬರ ತಂತಿವಾದ್ಯ. ಊರಿಂದ ಬಂದ ಬೀಗರಿಗೆ ಮರುಭೂಮಿ ಸಫಾರಿ ಮಾಡಿಸಿಕೊಂಡು ಬಂದಿದ್ದರು. ದುಬೈಯ ಕರಾಮಾದಲ್ಲಿ, ನಮ್ಮ ಮಾಮೂಲಿ ಅಂಗಡಿಯ ಮುಂದೆ, ಕರಕ್ ಚಾ ಹಿಡಿದು ನಿಂತಿದ್ದೆವು.

"ಯಾರು ನುಡಿಸಿದ್ದು?" ರಜಾಕ್ ಸಾಹೇಬರು ಕೇಳಿದರು.

"ನುಡಿಸೋದೇನು ಬಂತು, ಜೀಪಿನ ಸ್ಪೀಕರ್. ಎರಡು ಸಲ ಟೊಂಯ್ ಟೊಂಯ್ ಅಂತು. ಆಮೇಲೆ ಢಬ ಢಬ ಢಬ ಡ್ರಮ್ಮು. ಬೀಗರ ಕಣ್ಣಲ್ಲಿ ನೀರು."

"ಸಂಗೀತಕ್ಕಾ?"

"ಮರಳು ಹೋಗಿತ್ತು."

ಸಾಹೇಬರು ಚಾ ಕೆಳಗಿಟ್ಟರು. ಅವರು ಚಾ ಕೆಳಗಿಟ್ಟರೆ ಅದು ಆರುವವರೆಗೂ ಮಾತು ಮುಗಿಯುವುದಿಲ್ಲ.

"ಭಟ್ರೇ, ಊದ್ ಪೇಟೆ ವಾದ್ಯ. ಬಾಗ್ದಾದ್, ಕೈರೋ, ಅಲೆಪ್ಪೊ, ಡಮಾಸ್ಕಸ್, ಇವು ಅದರ ಊರುಗಳು. ತೆಳ್ಳಗಿನ ಮರದ ಪಟ್ಟಿಗಳನ್ನು ಬಗ್ಗಿಸಿ ಅಂಟಿಸಿ ಮಾಡಿದ ಹೊಟ್ಟೆ ಅದರದ್ದು. ಮರಳಿನ ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತೆ. ಮರುಭೂಮಿಯ ಅಲೆಮಾರಿಗಳು, ಬದೂವಿಗಳು, ಅವರ ಡೇರೆಯಲ್ಲಿ ಇದ್ದದ್ದು ರಬಾಬಾ. ಒಂದೇ ತಂತಿ, ಚರ್ಮ ಬಿಗಿದ ಚೌಕಟ್ಟು, ಕಮಾನು. ಊದ್ ಏನಾದರೂ ಒಂಟೆ ಹತ್ತಿದ್ದರೆ ಲಗೇಜಾಗಿ ಹತ್ತಿರಬೇಕು."

"ಆದರೆ ಸಿನಿಮಾದಲ್ಲಿ?" ಶೀನ ಬಾಯಿ ಹಾಕಿದ. "ಹೀರೋ ದುಬೈ ಏರ್‌ಪೋರ್ಟಲ್ಲಿ ಇಳಿದರೆ ಊದ್. ಟ್ಯಾಕ್ಸಿ ಹತ್ತಿದರೆ ಊದ್. ಐವತ್ತನೇ ಮಹಡಿಯಲ್ಲಿ ಲಿಫ್ಟಿಂದ ಹೊರಗೆ ಬಂದರೂ ಊದ್."

"ಅಲ್ಲಿಗೂ ಒಂಟೆ ಬರುತ್ತಾ?"

"ಗೋಡೆ ಮೇಲೆ. ಫ್ರೇಮ್ ಹಾಕಿಸಿರ್ತಾರೆ."

"ನೋಡಿ, ಇದೇ ನನ್ನ ಹೊಟ್ಟೆಯುರಿ" ಎಂದರು ಸಾಹೇಬರು. "ಈಗ ಯಾವ ಕಾಫಿ ಶಾಪಿಗೆ ಹೋದರೂ ಇದೇ ಕಥೆ. ಎಂಟು ಸೆಕೆಂಡ್ ಊದ್, ಐವತ್ತು ನಿಮಿಷ ಡ್ರಮ್ಮು, ಗೋಡೆ ಮೇಲೆ ಸೂರ್ಯಾಸ್ತ. ಕೆಲವು ಕಡೆ ಆ ಎಂಟು ಸೆಕೆಂಡೂ ಊದ್ ಆಗಿರೋದಿಲ್ಲ, ನಮ್ಮ ಶೀನನಂಥವನ ಬೆರಳು."

ಶೀನ ಕನ್ನಡ ಸಂಘದ ಆರ್ಕೆಸ್ಟ್ರಾದ ಕೀಬೋರ್ಡು. ಅವನಿಗೆ ಬೇಜಾರಾಗಲಿಲ್ಲ. "ಹೌದು, ನನ್ನ ಹತ್ತಿರ ಊದ್‌ಗೇ ಒಂದು ಬಟನ್ ಇದೆ" ಎಂದ, ಹೆಮ್ಮೆಯಿಂದ.

"ಒತ್ತಿದರೆ?"

"ಟೊಂಯ್."

"ಇನ್ನೊಂದು ಸಲ ಒತ್ತಿದರೆ?"

"ಅದೇ ಟೊಂಯ್."

"ಮನುಷ್ಯ ನುಡಿಸಿದರೆ ಎರಡನೇ ಟೊಂಯ್ ಬೇರೆ ಇರುತ್ತೆ ಮಾರಾಯ."

ವೀಣಕ್ಕನಿಗೆ ಈಗ ಆಸಕ್ತಿ ಬಂತು. "ನಮ್ಮ ವೀಣೆ ಥರ ಮೆಟ್ಟಿಲು ಇದೆಯಾ ಅದಕ್ಕೆ?"

"ಒಂದೂ ಇಲ್ಲ ಅಕ್ಕ. ಬೋಳು ಕತ್ತು. ಸಾಮಾನ್ಯವಾಗಿ ಹನ್ನೊಂದು ತಂತಿ. ಐದು ಜೋಡಿ, ಕೆಳಸ್ವರಕ್ಕೆ ಒಂದು ಒಂಟಿ. ಬೆರಳು ಎಲ್ಲಿ ನಿಂತರೆ ಅಲ್ಲೇ ಸ್ವರ. ರಾಸ್ತ್ ಅಂತ ಒಂದು ಮಖಾಮ್ ಇದೆ, ನಮ್ಮ ರಾಗದ ಥರ. ಅದರ ಮೂರನೇ ಸ್ವರ ಪಿಯಾನೋದ ಬಿಳಿ ಮನೆಯಲ್ಲೂ ಸಿಗಲ್ಲ, ಕಪ್ಪು ಮನೆಯಲ್ಲೂ ಸಿಗಲ್ಲ. ಎರಡರ ಮಧ್ಯದ ಸಂದಿಯಲ್ಲಿ ವಾಸ. ಅದಕ್ಕೇ ಕೀಬೋರ್ಡ್ ಕಂಪನಿಗಳು ಈ ಕಡೆಯ ದೇಶಗಳಿಗೆ ಅಂತಲೇ ಬೇರೆ ಮಾಡೆಲ್ ಮಾಡ್ತಾರೆ, ಕಾಲು ಸ್ವರದ ಬಟನ್ ಸಮೇತ. ಮದುವೆಗಳಲ್ಲಿ ಈಗ ಅದರದ್ದೇ ದರ್ಬಾರು."

"ಹಾಗಾದರೆ ಊದ್ ಕಥೆ ಮುಗೀತು ಅನ್ನಿ" ಎಂದರು ಭಟ್ಟರು, ಸಾವಿನ ಮನೆಗೆ ಬಂದವರ ದನಿಯಲ್ಲಿ.

"ಯಾರು ಹೇಳಿದ್ದು? ಈ ಗಲ್ಫಲ್ಲಿ ಇವತ್ತಿಗೂ ಅತಿಥಿಗಳು ಸೇರೋ ಪಡಸಾಲೆ, ಅಂದರೆ ಮಜ್ಲಿಸ್‌ನಲ್ಲಿ ಕೂತು ಹಾಡೋರ ತೊಡೆ ಮೇಲೆ ಊದೇ ಇರೋದು. ಸೌದಿಯ ಗಾಯಕ ಅಬಾದಿ ಅಲ್ ಜೌಹರ್ ಬೆರಳು ನೋಡಿ ಜನ ಇಟ್ಟ ಹೆಸರೇನು ಗೊತ್ತಾ? ಊದಿನ ಆಕ್ಟೋಪಸ್."

"ಒಂಟೆ ಬಿಟ್ಟು ಸಮುದ್ರಕ್ಕೇ ಇಳಿದರಲ್ಲ!"

"ಇಳಿಯಲಿ ಬಿಡಿ. ಮೋಸುಲ್‌ನಲ್ಲಿ ಹುಟ್ಟಿದ ಮುನೀರ್ ಬಶೀರ್ ಅಂತ ಒಬ್ಬರಿದ್ದರು. 1997ರಲ್ಲಿ ತೀರಿಕೊಂಡರು. ಹಾಡೋರಿಲ್ಲ, ತಾಳದವರಿಲ್ಲ, ಒಬ್ಬರೇ ಊದ್ ಹಿಡಿದು ಯುರೋಪಿನ ಸಭೆಗಳಲ್ಲಿ ಕೂತರು. ಹಾಡಿನ ಹಿಂದೆ ಕೂರುತ್ತಿದ್ದ ವಾದ್ಯ ಮುಂದೆ ಬಂತು. ಟುನಿಷಿಯಾದ ಅನ್ವರ್ ಬ್ರಾಹಿಂ ಅದನ್ನು ಜಾಝ್‌ನವರ ಪಕ್ಕ ಕೂರಿಸಿದರು. ನಜರೆತ್‌ನ ಜುಬ್ರಾನ್ ಸಹೋದರರು ಮೂರು ಜನ, ಮೂರೂ ಜನಕ್ಕೆ ಊದ್. ಅಪ್ಪನೇ ಊದ್ ಮಾಡೋರು."

"ಜಗಳ ಇಲ್ಲ ಪಾಪ, ಯಾರಿಗೆ ಯಾವುದು ಅಂತ" ಎಂದರು ವೀಣಕ್ಕ. ಅವರ ಮನೆಯಲ್ಲಿ ಇಬ್ಬರು ಹುಡುಗರು, ಒಂದು ಗಿಟಾರು.

"ಕಲಿಯೋರೂ ಇದ್ದಾರೆ. ಇರಾಕಿನ ನಸೀರ್ ಶಮ್ಮಾ ಕೈರೋದಲ್ಲಿ ಊದ್‌ಗೇ ಅಂತ ಶಾಲೆ ತೆರೆದರು. 2008ರಲ್ಲಿ ಅಬುಧಾಬಿಗೂ ಬಂತು. ಇಲ್ಲಿಂದ ಒಂದೂವರೆ ಗಂಟೆ ದಾರಿ."

"ಹೋಗೋಣ್ವಾ? ಒಂಟೆ ಇರುತ್ತಾ?"

"ಭಟ್ರೇ, ಅಲ್ಲಿರೋದು ಹುಡುಗರು. ಬೆರಳು ನೋಯಿಸಿಕೊಂಡು ಕೂತಿರ್ತಾರೆ."

ಶೀನ ಮೊಬೈಲ್ ನೋಡುತ್ತಾ, "ಯುನೆಸ್ಕೋ ಪಟ್ಟಿಗೂ ಸೇರಿದೆಯಂತೆ, 2022ರಲ್ಲಿ. ಇರಾನ್, ಸಿರಿಯಾ ಎರಡೂ ಸೇರಿ ಹಾಕಿಸಿದ್ದು" ಎಂದ.

"ಸೇರಿದೆ. ಸಂತೋಷ. ಆದರೆ ಅಷ್ಟು ಹೊತ್ತಿಗೆ ಸಿರಿಯಾದ ಎಷ್ಟೋ ಕುಶಲಕರ್ಮಿಗಳು ಯುದ್ಧಕ್ಕೆ ಹೆದರಿ ಊರು ಬಿಟ್ಟಾಗಿತ್ತು. ಸರ್ಟಿಫಿಕೇಟ್ ಬಂತು, ಮರ ಕೊರೆಯೋ ಕೈ ಹೊರಟು ಹೋಯ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಶೀನನಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. "ಅಲ್ಲ ಸಾಹೇಬ್ರೇ, ಡ್ರಮ್ಮು, ಕೀಬೋರ್ಡು, ಗಿಟಾರು ಬಂದದ್ದೇ ತಪ್ಪು ಅಂತೀರಾ?"

"ಅಷ್ಟು ಮುದುಕ ಆಗಿಲ್ಲ ನಾನು. 1964ರಲ್ಲಿ ಈಜಿಪ್ಟಿನ ಸಂಗೀತ ನಿರ್ದೇಶಕ ಅಬ್ದುಲ್ ವಹಾಬ್ ಮೊದಲ ಸಲ ಅಲ್ಲಿನ ಮಹಾ ಗಾಯಕಿ ಉಮ್ ಕುಲ್ಸೂಮ್‌ಗೆ ಹಾಡು ಕಟ್ಟಿಕೊಟ್ಟಾಗ ಎಲೆಕ್ಟ್ರಿಕ್ ಗಿಟಾರನ್ನೇ ತಂದು ಕೂರಿಸಿದರು. ಯಾರ ಗಂಟೂ ಹೋಗಲಿಲ್ಲ. ಆಯಮ್ಮನ ಮೇಳದಲ್ಲಿ ಊದ್ ನುಡಿಸುತ್ತಿದ್ದವರು ಮುಹಮ್ಮದ್ ಖಸಬ್ಜಿ. ಒಂದು ಕಾಲಕ್ಕೆ ದೊಡ್ಡ ಸಂಗೀತ ನಿರ್ದೇಶಕ, ಆಯಮ್ಮನ ಎಷ್ಟೋ ಹಾಡು ಅವರದ್ದೇ. 1940ರ ದಶಕ ಕಳೆದ ಮೇಲೆ ಆಕೆ ಅವರ ಹೊಸ ಹಾಡು ತಗೊಳ್ಳಲಿಲ್ಲ. ಆದರೂ ಆ ಮನುಷ್ಯ ಬಿಟ್ಟು ಹೋಗಲಿಲ್ಲ. ಬೇರೆಯವರ ಹಾಡಿಗೆ ಊದ್ ನುಡಿಸುತ್ತಾ ಆಕೆಯ ಹಿಂದೆಯೇ ಕೂತರು. 1966ರಲ್ಲಿ ತೀರಿಕೊಂಡರು. ಆಮೇಲೂ ಅವರ ಕುರ್ಚಿಯನ್ನು ವೇದಿಕೆ ಮೇಲೆ ಖಾಲಿ ಬಿಡಿಸುತ್ತಿದ್ದರಂತೆ ಆಯಮ್ಮ."

"ಬದುಕಿದ್ದಾಗ ಒಂದು ಹಾಡು ತಗೊಳ್ಳಬಹುದಿತ್ತು" ಎಂದರು ವೀಣಕ್ಕ.

"ನನಗೂ ಹಾಗೇ ಅನಿಸುತ್ತೆ ಅಕ್ಕ. ಕುರ್ಚಿ ಕೊಡೋದು ಸುಲಭ."

ಸಾಹೇಬರು ಫೋನ್ ತೆಗೆದು ಬಶೀರರ ಒಂದು ತಕ್ಸೀಮ್ ಹಾಕಿದರು. ತಾಳವಿಲ್ಲದೆ, ಅಲ್ಲಿಗಲ್ಲಿಗೆ ನಿಲ್ಲಿಸಿ ನಿಲ್ಲಿಸಿ ನುಡಿಸಿದ್ದು. ಎರಡು ನಿಮಿಷ ಆಯಿತು. ಮೂರಾಯಿತು. ಶೀನ ಮೆಲ್ಲಗೆ ಬಗ್ಗಿದ.

"ಡ್ರಮ್ ಯಾವಾಗ?"

"ಬರಲ್ಲ."

"ಪೂರ್ತಿ ಹೀಗೇನಾ?"

"ಹೀಗೇ."

"ನಾವೇನು ಮಾಡಬೇಕು ಹಾಗಾದರೆ?"

"ಚೆನ್ನಾಗಿದೆ ಅನ್ನಿಸಿದರೆ ಭೇಷ್ ಅನ್ನಬಹುದು. ಇಲ್ಲಿಯವರು ಅಲ್ಲಾಹ್ ಅಂತಾರೆ. ಯಾವಾಗ ಅನ್ನಬೇಕು ಅನ್ನೋದಕ್ಕೆ ಮಾತ್ರ ಬಟನ್ ಇಲ್ಲ."

ಅಷ್ಟರಲ್ಲಿ ಭಟ್ಟರು "ಭೇಷ್!" ಅಂದುಬಿಟ್ಟರು. ಒಳಗಿಂದ ಬಂದ ಸಮೋಸಾ ನೋಡಿ.