ಸಹಾಯ ಬೇಕು: ಲಿನೊ ಅಚ್ಚಿನ ಸಾಲುಗಳು ಕೂಡುತ್ತಿಲ್ಲ

ಬಾಗಲಕೋಟೆಯಲ್ಲಿ ಚಿತ್ರಕಲೆ ಓದುತ್ತಿದ್ದೇನೆ, ಎರಡನೆಯ ವರ್ಷ. ಅಜ್ಜಿಯ ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ಮುಂದಿಟ್ಟುಕೊಂಡು ಒಂದು ವಾರ ಪೆನ್ಸಿಲ್‌ನಲ್ಲಿ ಬಿಡಿಸಿದೆ. ಕೆಂಪು, ಬಿಳಿ ಗೋಪುರಗಳು ಹಲ್ಲಿಗೆ ಹಲ್ಲು ಕಚ್ಚಿದಂತೆ ಕೂಡುವ ಆ ಅಂಚಿನ ಮೇಲೆಯೇ ನನ್ನ ಕಣ್ಣು. ಅದನ್ನು 10 ಸೆಂ.ಮೀ. ಚೌಕದ ಲಿನೊ (ಅಚ್ಚು ಕೆತ್ತುವ ಮೆದು ಲಿನೋಲಿಯಂ ಹಾಳೆ) ಮೇಲೆ ಕೆತ್ತಿ, ಪ್ಲೈವುಡ್‌ಗೆ ಅಂಟಿಸಿ, ಕಾಗದದ ಮೇಲೆ ಸಾಲಾಗಿ ಒತ್ತುತ್ತಿದ್ದೇನೆ.

ಅಡ್ಡಸಾಲು ಸರಿಯಾಗಿ ಕೂಡುತ್ತದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಮಾತ್ರ ಕೂದಲೆಳೆಯಷ್ಟು ಬಿಳಿ ಗೆರೆ ಉಳಿಯುತ್ತದೆ. ಗೋಪುರದ ತುದಿಯೇ ಕತ್ತರಿಸಿದಂತೆ ಕಾಣುತ್ತದೆ. ನೇಯ್ದವರು ನೋಡಿದರೆ ನಕ್ಕಾರು!

ಅಚ್ಚಿನ ನಾಲ್ಕೂ ಬದಿ ಅಳೆದೆ, ಸಮವಾಗಿವೆ. ಅಚ್ಚನ್ನು ತಲೆಕೆಳಗು ಮಾಡಿ ಒತ್ತಿದರೂ ಗೆರೆ ಅಲ್ಲೇ. ಅಚ್ಚು ಎಲ್ಲಿ ಕೂರಬೇಕೆಂದು ತೋರಿಸುವ ಚೌಕಗಳನ್ನು ಒಣ ಕಾಗದದ ಮೇಲೆ ಗೀಚಿ, ಆಮೇಲೆ ಕಾಗದವನ್ನು ತೇವ ಮಾಡುತ್ತೇನೆ. ನೆನೆದ ಕಾಗದ ಒಂದೇ ದಿಕ್ಕಿಗೆ ಹೆಚ್ಚು ಹಿಗ್ಗುತ್ತಿದೆಯೇ ಎಂಬ ಅನುಮಾನ ಬಂದು ಒಣ ಕಾಗದಕ್ಕೇ ಒತ್ತಿದೆ. ಸಾಲುಗಳು ಕೂಡಿದವು, ಆದರೆ ಶಾಯಿ ಚುಕ್ಕೆ ಚುಕ್ಕೆಯಾಗಿ ಕೂತಿತು.

ಅಚ್ಚು ಹಾಕುವವರು ಹೇಳಿ: ಕಾಗದ ತೇವ ಮಾಡಿದ ಮೇಲೆ ಚೌಕ ಗೀಚಬೇಕೇ, ಅಥವಾ ಒಣ ಕಾಗದದಲ್ಲೇ ಶಾಯಿ ತುಂಬಿ ಬರಲು ಬೇರೆ ದಾರಿ ಇದೆಯೇ?